ಹಾಳೆಯ ಒಂದೇ ಮಗ್ಗುಲಿಗೆ

ನಲವತ್ತು ವರ್ಷದ ಹಿಂದೆ ಕನ್ನಡದ ಯಾವ ವಿದ್ವತ್ಪತ್ರಿಕೆಯನ್ನು ತೆರೆದರೂ ಒಳಪುಟದ ಮೂಲೆಯಲ್ಲಿ ಎರಡು ಸಾಲಿನ ಸೂಚನೆ ಕಾಣುತ್ತಿದ್ದುದು ಹಳೆಯ ಓದುಗರಿಗೆ ನೆನಪಿದ್ದೀತು. ಲೇಖನವನ್ನು ಹಾಳೆಯ ಒಂದೇ ಮಗ್ಗುಲಿಗೆ ಸ್ಫುಟವಾಗಿ ಬರೆದು ಕಳುಹಿಸಬೇಕು. ಅಸ್ವೀಕೃತವಾದದ್ದು ಹಿಂದಕ್ಕೆ ಬೇಕೆನ್ನುವವರು ಅಂಚೆಚೀಟಿ ಹಚ್ಚಿದ ಸ್ವವಿಳಾಸದ ಲಕೋಟೆ ಇಡಬೇಕು. ಅಷ್ಟೇ. ಉಳಿದದ್ದೆಲ್ಲ ಸಂಪಾದಕರ ಪಾಲಿನ ಕೆಲಸ. ಹೋದ ತಿಂಗಳು ರಾವಂದೂರಿನ ಜೆರಾಕ್ಸ್ ಅಂಗಡಿಯೊಂದರಲ್ಲಿ ನಮ್ಮ ಹೋಬಳಿಯ ಹುಡುಗಿಯೊಬ್ಬಳು ಸಿಕ್ಕಿದಳು. ಜಾನಪದದಲ್ಲಿ ಪಿಎಚ್.ಡಿ.ಗೆ ನೋಂದಾಯಿಸಿಕೊಂಡಿದ್ದಾಳೆ. ಜರ್ನಲೊಂದಕ್ಕೆ ಲೇಖನ ಕಳಿಸಬೇಕೆಂದು ಅದರ ‘ಲೇಖಕರಿಗೆ ಸೂಚನೆ’ಯನ್ನು ಪ್ರಿಂಟ್ ಹಾಕಿಸುತ್ತಿದ್ದಳು. ಹನ್ನೊಂದು ಪುಟ. ಕಾಗದ ಉಳಿಯಲೆಂದು ಅಂಗಡಿಯವನು ಎರಡೂ ಮಗ್ಗುಲಿಗೆ ತೆಗೆದುಕೊಟ್ಟ. ಆ ಎರಡು ಸಾಲು ಈ ಹನ್ನೊಂದು ಪುಟವಾಗಿ ಬೆಳೆದ ಕಾಲದಲ್ಲೇ ನನ್ನ ಮೇಷ್ಟ್ರಿಕೆಯೂ ಮುಗಿದುಹೋಗಿದೆ. ಆದ್ದರಿಂದ ಈ ಲೆಕ್ಕವನ್ನು ನಾನು ಒಪ್ಪಿಸುವುದರಲ್ಲಿ ತಪ್ಪಿಲ್ಲ.

ಬರಹಕ್ಕೊಂದು ನಮೂನೆ ಇರಬೇಕೆಂಬುದು ನಮ್ಮಲ್ಲಿ ಹೊಸ ಮಾತೇನಲ್ಲ. ಬಿ.ಎಲ್. ರೈಸ್ 1898ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೆಯ ಸಂಪುಟ ಹೊರತಂದಾಗ ಶಾಸನಗಳನ್ನು ತಾಲ್ಲೂಕುವಾರು ಅಂಕಿ ಹಾಕಿ ಜೋಡಿಸಿದರು. ಅಂದಿನಿಂದ ಹುಣಸೂರು ಇಷ್ಟು, ಹೆಗ್ಗಡದೇವನಕೋಟೆ ಇಷ್ಟು, ಎಡತೊರೆ ಇಷ್ಟು ಎಂದು ಸಂಖ್ಯೆ ಹೇಳುವುದೇ ಕನ್ನಡ ಸಂಶೋಧಕನ ಉಲ್ಲೇಖಕ್ರಮವಾಯಿತು. ಈ ಸಂಖ್ಯೆಯ ಹಿಂದೆ ಒಂದು ಭೂಗೋಳವಿದೆ. ರೈಸರ ಕಾಲಕ್ಕೆ ಪಿರಿಯಾಪಟ್ಟಣ ಪ್ರತ್ಯೇಕ ತಾಲ್ಲೂಕಾಗಿರಲಿಲ್ಲ, ಹುಣಸೂರಿನ ಹೊಟ್ಟೆಯೊಳಗಿತ್ತು. ಕೃಷ್ಣರಾಜನಗರ ಎಂಬ ಹೆಸರೇ ಹುಟ್ಟಿರಲಿಲ್ಲ, ಅದು ಎಡತೊರೆ. ಬೆಟ್ಟದಪುರದ ಕಡೆಯ ಶಾಸನವನ್ನು ಹುಣಸೂರಿನಲ್ಲೂ ಹನಸೋಗೆಯ ಶಾಸನವನ್ನು ಎಡತೊರೆಯಲ್ಲೂ ಹುಡುಕಬೇಕೆಂಬುದು ಗೊತ್ತಿಲ್ಲದವನು ರೈಸರ ಸಂಪುಟದಲ್ಲಿ ದಾರಿ ತಪ್ಪುತ್ತಾನೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಪರಿಷ್ಕೃತ ಸಂಪುಟಗಳನ್ನು ತರತೊಡಗಿದ ಮೇಲೆ ಅಂಕಿಗಳೆಲ್ಲ ಬದಲಾದವು. ಹಳೆಯ ಸಂಪುಟವೋ ಪರಿಷ್ಕೃತವೋ ಎಂದು ನಮೂದಿಸದ ಉಲ್ಲೇಖ ಯಾರಿಗೂ ಉಪಯೋಗವಿಲ್ಲದಂತಾಯಿತು. ಆರ್. ನರಸಿಂಹಾಚಾರ್ಯರು 1907ರಲ್ಲಿ ಕರ್ಣಾಟಕ ಕವಿಚರಿತೆಯ ಮೊದಲ ಸಂಪುಟ ತಂದಾಗಲೂ ಕವಿಯ ಕಾಲ, ಮತ, ಆಶ್ರಯ, ಗ್ರಂಥ ಎಂದು ಒಂದು ಅಚ್ಚು ಕಟ್ಟಿಕೊಂಡೇ ಹೊರಟಿದ್ದರು. ಪರಿಷತ್ಪತ್ರಿಕೆ, ಅದರ ಬೆನ್ನಿಗೆ ಎ.ಆರ್. ಕೃಷ್ಣಶಾಸ್ತ್ರಿಗಳ ‘ಪ್ರಬುದ್ಧ ಕರ್ಣಾಟಕ’ ಬಂದ ಮೇಲೆ ಅಡಿಟಿಪ್ಪಣಿಯ ಭಾಷೆಯೂ ಕನ್ನಡದಲ್ಲಿ ಕುದುರಿತು. ‘ಅದೇ, ಪು. 45’ ಎಂದರೆ ಸಾಕಿತ್ತು, ‘ಪೂರ್ವೋಕ್ತ’ ಎಂದರೆ ಓದುಗ ತಾನಾಗಿ ಹಿಂದಕ್ಕೆ ಪುಟ ತಿರುವುತ್ತಿದ್ದ. ಈ ನಮೂನೆಗಳನ್ನು ಯಾರೂ ಹೇರಲಿಲ್ಲ. ಕೆಲಸ ಮಾಡುತ್ತ ಮಾಡುತ್ತ ಕೈಗೆ ಹತ್ತಿದ ನಮೂನೆಗಳವು.

ನಾನು ಮೊದಲ ಸಂಶೋಧನ ಲೇಖನ ಬರೆದದ್ದು ಎಂಬತ್ತರ ದಶಕದ ಆರಂಭದಲ್ಲಿ, ನಮ್ಮ ಸೀಮೆಯ ಸ್ಥಳನಾಮಗಳನ್ನು ಕುರಿತು. ಫುಲ್‌ಸ್ಕೇಪ್ ಹಾಳೆಯ ಎಡಕ್ಕೆ ಎರಡು ಬೆರಳಿನಷ್ಟು ಜಾಗ ಬಿಟ್ಟು, ಅಳಿಸಿ ಗೀಚಿದ್ದೆಲ್ಲವನ್ನೂ ಮತ್ತೆ ನಕಲಿಳಿಸಿ ಶುದ್ಧಪ್ರತಿ ಮಾಡುವ ಹೊತ್ತಿಗೆ ಹದಿನೈದು ದಿನ ಹಿಡಿಯಿತು. ರಾವಂದೂರಿನ ಅಂಚೆ ಕಚೇರಿಯಲ್ಲಿ ರಿಜಿಸ್ಟರ್ಡ್ ಮಾಡಿಸಿ, ರಸೀತಿಯನ್ನು ಶಾಸನಪತ್ರದ ಹಾಗೆ ಕಾದಿಟ್ಟುಕೊಂಡೆ. ಮೂರು ತಿಂಗಳ ಮೇಲೆ ಲೇಖನ ವಾಪಸು ಬಂತು. ಅಸ್ವೀಕೃತವಾಗಿ ಅಲ್ಲ, ತಿದ್ದಿಸಿಕೊಳ್ಳಲು. ಅಂಚಿನಲ್ಲಿ ಬಿಟ್ಟಿದ್ದ ಆ ಎರಡು ಬೆರಳಿನ ಜಾಗ ಯಾಕೆ ಎಂಬುದು ನನಗೆ ಅರ್ಥವಾದದ್ದು ಅವತ್ತು. ಸಂಪಾದಕರು ಅದರ ತುಂಬ ಕೆಂಪು ಶಾಯಿಯಲ್ಲಿ ಬರೆದಿದ್ದರು. ಒಂದು ಶಾಸನವನ್ನು ನಾನು ಹುಣಸೂರಿನದೆಂದು ಬರೆದಿದ್ದೆ. ಎಡತೊರೆಯದು, ಮತ್ತೊಮ್ಮೆ ನೋಡಿ ಎಂದಿದ್ದರು. ‘ಊರು’ ಎಂದು ಮುಗಿಯುವ ಹೆಸರುಗಳನ್ನೆಲ್ಲ ಒಂದೇ ಗುಂಪಿಗೆ ತಳ್ಳಿದ್ದು ಅವಸರವಾಯಿತು ಎಂದಿದ್ದರು. ಕೊನೆಯ ಪುಟದಲ್ಲಿ, ಟಿಪ್ಪಣಿಗಳನ್ನು ನಾನೇ ಸರಿಪಡಿಸಿಕೊಳ್ಳುತ್ತೇನೆ, ನೀವು ವಿಷಯ ನೋಡಿಕೊಳ್ಳಿ ಎಂಬ ಅರ್ಥದ ಒಂದು ಸಾಲು. ಆ ಲೇಖನ ಅಚ್ಚಾದಾಗ ಅರ್ಧ ನನ್ನದಾಗಿತ್ತು, ಅರ್ಧ ಅವರದಾಗಿತ್ತು. ಹೆಸರು ಮಾತ್ರ ನನ್ನದೊಂದೇ.

ಆ ಕಾಲವನ್ನು ಚಿನ್ನದ ಕಾಲವೆಂದು ಕೊಂಡಾಡುವ ಆಸೆ ನನಗಿಲ್ಲ. ಅಂಥ ಸಂಪಾದಕರು ಎಷ್ಟು ಮಂದಿ ಇದ್ದರೋ, ಲೇಖನವನ್ನು ಕಪಾಟಿನಲ್ಲಿಟ್ಟು ಮರೆತವರೂ ಅಷ್ಟೇ ಮಂದಿ ಇದ್ದರು. ನನ್ನ ಎರಡನೆಯ ಲೇಖನ ಹೋದ ದಾರಿ ಇವತ್ತಿಗೂ ತಿಳಿದಿಲ್ಲ. ಇಟ್ಟ ಲಕೋಟೆ, ಹಚ್ಚಿದ ಚೀಟಿ ಎರಡೂ ಅದರ ಜೊತೆಗೇ ಹೋದವು. ಮತ್ತೊಂದು ಪ್ರತಿ ನನ್ನ ಬಳಿ ಇರಲಿಲ್ಲ. ವಿಭಾಗದ ಪ್ರಾಧ್ಯಾಪಕರ ಪರಿಚಯವಿದ್ದವನ ಲೇಖನ ಬೇಗ ಅಚ್ಚಾಗುತ್ತಿತ್ತು, ಹಳ್ಳಿಯಿಂದ ಬರೆದವನದು ಕಾಯುತ್ತಿತ್ತು. ಆಧಾರ ಹೇಳದೆ ಇನ್ನೊಬ್ಬರ ಪುಟಗಳನ್ನು ಹಾಗೆ ಹಾಗೇ ಎತ್ತಿ ಹಾಕಿಕೊಂಡವರನ್ನು ಕೇಳುವವರಿರಲಿಲ್ಲ. ಟಿಪ್ಪಣಿಯಲ್ಲಿ ಪುಸ್ತಕದ ಹೆಸರಿದ್ದರೆ ವರ್ಷವಿಲ್ಲ, ವರ್ಷವಿದ್ದರೆ ಪುಟವಿಲ್ಲ. ‘ವಿದ್ವಾಂಸರು ಹೇಳುವಂತೆ’ ಎಂಬ ಒಂದು ಮಾತಿನ ನೆರಳಲ್ಲಿ ಎಷ್ಟು ಸುಳ್ಳುಗಳು ನೆಮ್ಮದಿಯಾಗಿ ಬದುಕಿದವೋ! ಮಹಾಪ್ರಬಂಧ ಬೆರಳಚ್ಚು ಮಾಡಿಸುವುದಂತೂ ಮನೆ ಕಟ್ಟಿಸಿದ ಹಾಗೆ. ಹುಣಸೂರು ದಾಟಿ ಮೈಸೂರಿಗೆ ಹೋಗಿ ಕನ್ನಡ ಟೈಪ್‌ರೈಟರ್ ಇದ್ದವರ ಮನೆಬಾಗಿಲಲ್ಲಿ ಕೂರಬೇಕು. ನಾಲ್ಕು ಪ್ರತಿಗೆ ಮೂರು ಕಾರ್ಬನ್. ನಾಲ್ಕನೆಯ ಪ್ರತಿಯಲ್ಲಿ ಅಕ್ಷರ ಇದೆ ಎಂದು ನಂಬಿ ಓದಬೇಕಷ್ಟೇ. ಯಂತ್ರಕ್ಕೆ ಬಾರದ ಒತ್ತಕ್ಷರವನ್ನು ಆಮೇಲೆ ಪೆನ್ನಿನಲ್ಲಿ ತುಂಬಬೇಕು, ಇಂಗ್ಲಿಷ್ ಉದ್ಧರಣೆಗೆ ಜಾಗ ಬಿಟ್ಟು ಬೇರೆ ಯಂತ್ರಕ್ಕೆ ಒಯ್ಯಬೇಕು. ಸಾಲ ಮಾಡಿ ಪ್ರಬಂಧ ಬೆರಳಚ್ಚು ಮಾಡಿಸಿದವರು, ಮಾಡಿಸಲಾಗದೆ ಬಿಟ್ಟವರು ಇಬ್ಬರೂ ನನ್ನ ಸಹಪಾಠಿಗಳಲ್ಲಿದ್ದರು. ಬಿಟ್ಟವರಲ್ಲೊಬ್ಬ ಹೊಗೆಸೊಪ್ಪು ಬೆಳೆದು ನಮ್ಮೆಲ್ಲರಿಗಿಂತ ಚೆನ್ನಾಗಿ ಬದುಕಿದ, ಅದು ಬೇರೆ ಮಾತು.

ಕಂಪ್ಯೂಟರ್ ಬಂದಾಗ ಈ ಗೋಳಿಗೆ ಮುಕ್ತಿಯಾಯಿತೆಂದು ಎಲ್ಲರೂ ನಂಬಿದೆವು. ಶೇಷಾದ್ರಿ ವಾಸು ಅವರ ‘ಬರಹ’ 1998ರಲ್ಲಿ ಬಂತು, ತುಸು ಕಾಲದ ಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಡಿಟಿಪಿ ಅಂಗಡಿಗಳಲ್ಲಿ ಶ್ರೀಲಿಪಿ ಆಗಲೇ ಬೇರೂರಿತ್ತು. ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ ಕಲಿತವನು ತಾನೇ ಕುಳಿತು ತನ್ನ ಲೇಖನವನ್ನು ಟೈಪ್ ಮಾಡಿಕೊಳ್ಳಬಹುದಾಯಿತು. ತಪ್ಪಾದರೆ ಅಳಿಸಬಹುದು, ಪ್ಯಾರಾ ಮೇಲೆ ಕೆಳಗೆ ಮಾಡಬಹುದು, ಪ್ರತಿ ಕಳೆದುಹೋಗುವ ಭಯವಿಲ್ಲ. ಇದು ಸಣ್ಣ ಲಾಭವಲ್ಲ. ಆದರೆ ಹೊಸದೊಂದು ಪೀಡೆ ಗಂಟುಬಿತ್ತು. ಒಂದೊಂದು ತಂತ್ರಾಂಶದ ಅಕ್ಷರಕ್ಕೂ ಒಂದೊಂದು ಸಂಕೇತ. ನುಡಿಯಲ್ಲಿ ಟೈಪ್ ಮಾಡಿದ ಕಡತ ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳ ಕಸ. ಇವುಗಳ ಮೂಲ ಸಂಕೇತ ರೋಮನ್ ಅಕ್ಷರಗಳದ್ದಾದ್ದರಿಂದ ಗ್ರಂಥಋಣವನ್ನು ಅಕಾರಾದಿಯಾಗಿ ಜೋಡಿಸು ಎಂದರೆ ಯಂತ್ರ ತನಗೆ ತೋಚಿದ ಇಂಗ್ಲಿಷ್ ಕ್ರಮದಲ್ಲಿ ಜೋಡಿಸುತ್ತಿತ್ತು: ‘ಹ’ ಮೊದಲು, ‘ಅ’ ಆಮೇಲೆ, ‘ಮ’ ಇನ್ನೆಲ್ಲೋ. ನೂರೈವತ್ತು ಪುಸ್ತಕಗಳ ಪಟ್ಟಿಯನ್ನು ಕೈಯಿಂದ ಕತ್ತರಿಸಿ ಅಂಟಿಸಿ ಕ್ರಮಕ್ಕೆ ತಂದ ರಾತ್ರಿಗಳು ನನಗೆ ನೆನಪಿವೆ. ಪತ್ರಿಕೆಯ ಕಚೇರಿ ಬೇರೆ ಫಾಂಟಿಗೆ ಪರಿವರ್ತಿಸಿದಾಗ ಅರ್ಕಾವತ್ತು ತಪ್ಪಿ, ಒತ್ತು ಹಾರಿ, ಪಂಪನ ಪದ್ಯಕ್ಕೆ ಎಲ್ಲೂ ಇಲ್ಲದ ಪಾಠಾಂತರ ಹುಟ್ಟುತ್ತಿತ್ತು. ಹಳಗನ್ನಡದವರ ಕಷ್ಟ ಇನ್ನೂ ದೊಡ್ಡದು, ಱ ಮತ್ತು ೞ ಎಂಬ ಎರಡಕ್ಷರಗಳಿಗಾಗಿ.

ಯೂನಿಕೋಡ್ ಈ ಬಾಬೆಲನ್ನು ತಕ್ಕಮಟ್ಟಿಗೆ ಅಡಗಿಸಿತು ಎಂಬುದನ್ನು ಒಪ್ಪಬೇಕು. ಈಗ ರಾವಂದೂರಿನಲ್ಲಿ ಮೊಬೈಲಿನಲ್ಲಿ ಬರೆದದ್ದು ಹಂಪಿಯಲ್ಲೂ ಹ್ಯೂಸ್ಟನ್ನಿನಲ್ಲೂ ಹಾಗೇ ಕಾಣುತ್ತದೆ. ಅಕಾರಾದಿ ಅಕಾರಾದಿಯಾಗಿಯೇ ಬರುತ್ತದೆ. ಆದರೂ ನಮ್ಮ ೞಕಾರಕ್ಕೆ ಅಲ್ಲಿಟ್ಟ ಅಧಿಕೃತ ಹೆಸರು ‘ಕನ್ನಡ ಅಕ್ಷರ ಫ’ ಎಂದು! ಯಾರೋ ಮಾಡಿದ ತಪ್ಪು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಅಡ್ಡಹೆಸರೊಂದನ್ನು ಸೇರಿಸಿ ಸುಮ್ಮನಾಗಿದ್ದಾರೆ. ಸಂಶೋಧಕನಿಗೆ ತಪ್ಪೊಪ್ಪೋಲೆಗೆ ಜಾಗವಾದರೂ ಇದೆ, ಯೂನಿಕೋಡಿಗೆ ಅದೂ ಇಲ್ಲ.

ಇಲ್ಲಿಯವರೆಗಿನದು ಯಂತ್ರದ ಕಥೆ. ಲೇಖನದ ನಮೂನೆ ಸಂಶೋಧಕನ ಕೊರಳಿಗೆ ಬಂದದ್ದು ಯಂತ್ರದಿಂದಲ್ಲ, ಸುತ್ತೋಲೆಯಿಂದ. ಮಹಾಪ್ರಬಂಧ ಸಲ್ಲಿಸುವ ಮುನ್ನ ಪರಿಶೀಲಿತ ಪತ್ರಿಕೆಯಲ್ಲಿ ಒಂದಾದರೂ ಲೇಖನ ಪ್ರಕಟವಾಗಿರಬೇಕೆಂದು ಯುಜಿಸಿ 2009ರಲ್ಲಿ ಕಡ್ಡಾಯ ಮಾಡಿತು. ಮರುವರ್ಷ ಅಧ್ಯಾಪಕರ ಬಡ್ತಿಗೆ ಎಪಿಐ ಎಂಬ ಅಂಕಗಣನೆ ಬಂತು. ಅಧ್ಯಾಪಕರು ಸಂಶೋಧನೆ ಮಾಡಲಿ, ಹಳೆಯ ನೋಟ್ಸ್ ಓದುವುದನ್ನು ಬಿಡಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಕನ್ನಡದಲ್ಲಿ ಅಷ್ಟು ಲೇಖನಗಳನ್ನು ಓದಿ ತಿದ್ದಿ ಅಚ್ಚುಮಾಡುವ ಪತ್ರಿಕೆಗಳು ಎಷ್ಟಿದ್ದವು? ಪ್ರಬುದ್ಧ ಕರ್ಣಾಟಕ, ಮಾನವಿಕ ಕರ್ನಾಟಕ, ಸಾಧನೆ, ಕರ್ನಾಟಕ ಭಾರತಿ ಎಂದು ಬೆರಳು ಮಡಿಸಿದರೆ ಎರಡನೆಯ ಕೈಗೆ ಹೋಗುವಷ್ಟರಲ್ಲಿ ಲೆಕ್ಕ ಮುಗಿಯುತ್ತಿತ್ತು. ಬೇಡಿಕೆ ಇದ್ದ ಕಡೆ ಅಂಗಡಿ ಏಳುತ್ತದೆ. ಐಎಸ್‌ಎಸ್‌ಎನ್ ಸಂಖ್ಯೆ ಪಡೆದು, ‘ಅಂತರರಾಷ್ಟ್ರೀಯ ಬಹುಶಿಸ್ತೀಯ’ ಎಂಬ ಬಿರುದು ಅಂಟಿಸಿಕೊಂಡು, ಹಣ ಕಟ್ಟಿದ ಮೂರನೆಯ ದಿನ ಲೇಖನ ಪ್ರಕಟಿಸುವ ಪತ್ರಿಕೆಗಳು ಹುಟ್ಟಿಕೊಂಡವು. ಯುಜಿಸಿ 2017ರಲ್ಲಿ ಮೂವತ್ತೆಂಟು ಸಾವಿರ ಮೀರಿದ ಪತ್ರಿಕೆಗಳ ಪಟ್ಟಿಯನ್ನು ಹೊರಡಿಸಿ, 2018ರ ಮೇ ತಿಂಗಳಲ್ಲಿ ಅದರಿಂದ 4,305 ಪತ್ರಿಕೆಗಳನ್ನು ತೆಗೆದುಹಾಕಿತು. 2019ರಲ್ಲಿ ಕೇರ್ ಪಟ್ಟಿ ಬಂತು, ಇನ್ನು ಮೇಲೆ ಶುದ್ಧ ಎಂದರು. 2022ರ ನಿಯಮದಲ್ಲಿ ಪ್ರಬಂಧಕ್ಕೆ ಮುನ್ನ ಲೇಖನ ಪ್ರಕಟಣೆಯ ಕಡ್ಡಾಯವೇ ಹೋಯಿತು. 2025ರ ಫೆಬ್ರವರಿಯಲ್ಲಿ ಕೇರ್ ಪಟ್ಟಿಯನ್ನೂ ಕೈಬಿಟ್ಟು, ಒಳ್ಳೆಯ ಪತ್ರಿಕೆ ಯಾವುದೆಂದು ಆಯಾ ವಿಶ್ವವಿದ್ಯಾಲಯಗಳೇ ನೋಡಿಕೊಳ್ಳಲಿ ಎಂದರು. ಹದಿನಾರು ವರ್ಷ ಸುತ್ತಿ ಹೊರಟಲ್ಲಿಗೇ ಬಂದು ನಿಂತೆವು. ನಡುವೆ ಸಿಕ್ಕಿಕೊಂಡ ಒಂದು ತಲೆಮಾರಿನ ಸಂಶೋಧಕರು ಕಟ್ಟಿದ ಹಣವನ್ನು ಯಾರೂ ಹಿಂದಿರುಗಿಸಲಿಲ್ಲ.

2018ರ ಕೃತಿಚೌರ್ಯ ನಿಯಮ ಮಾತ್ರ ಬೇಕಿತ್ತು ಎಂದು ನಾನು ಇವತ್ತಿಗೂ ಹೇಳುತ್ತೇನೆ. ಹೋಲಿಕೆ ಶೇಕಡ 10ರ ಒಳಗಿದ್ದರೆ ತಪ್ಪಿಲ್ಲ, 40ರವರೆಗೆ ತಿದ್ದಿ ಮತ್ತೆ ಸಲ್ಲಿಸಬೇಕು, 60 ದಾಟಿದರೆ ನೋಂದಣಿಯೇ ರದ್ದು. ಎತ್ತಿ ಹಾಕುವವರ ಎದೆಯಲ್ಲಿ ಮೊದಲ ಬಾರಿಗೆ ನಡುಕ ಹುಟ್ಟಿತು. ಅದರ ಜೊತೆಗೇ ಯಂತ್ರಕ್ಕೆ ಸಿಗದಂತೆ ವಾಕ್ಯ ತಿರುಚುವ ಕಲೆಯೂ ಹುಟ್ಟಿತು. ‘ಬೆಟ್ಟದ ಮೇಲೆ ದೇವಾಲಯವಿದೆ’ ಎಂಬುದನ್ನು ‘ಗಿರಿಯ ಉಪರಿಭಾಗದಲ್ಲಿ ಗುಡಿಯು ನೆಲೆಗೊಂಡಿದೆ’ ಎಂದು ಬರೆದ ವಿದ್ಯಾರ್ಥಿಯನ್ನು ಕಂಡಿದ್ದೇನೆ. ಕೇಳಿದ್ದಕ್ಕೆ, ಪರ್ಸೆಂಟೇಜ್ ಇಳೀತು ಸಾರ್ ಎಂದ.

ಈಗ ಆ ಹನ್ನೊಂದು ಪುಟಕ್ಕೆ ಬರುತ್ತೇನೆ. ಆ ಹುಡುಗಿಯ ಜೊತೆ ಕೂತು ನಾನೂ ಓದಿದೆ. ಸಾರಲೇಖ ಇನ್ನೂರೈವತ್ತು ಪದ ಮೀರಬಾರದು, ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು. ಕೀಲಿಪದ ಐದು. ಪುಸ್ತಕಗಳ ಹೆಸರು ಓರೆ ಅಕ್ಷರದಲ್ಲಿರಬೇಕು. ಕನ್ನಡಕ್ಕೆ ಓರೆ ಅಕ್ಷರದ ರೂಢಿ ಯಾವತ್ತಿತ್ತು? ನಾವು ಉದ್ಧರಣ ಚಿಹ್ನೆ ಹಾಕುತ್ತಿದ್ದೆವು. ಯಂತ್ರ ಕನ್ನಡವನ್ನು ಬಲವಂತವಾಗಿ ವಾಲಿಸಿದರೆ ಅಕ್ಷರಗಳು ಗಾಳಿಗೆ ಬಾಗಿದ ರಾಗಿ ಪೈರಿನ ಹಾಗೆ ಕಾಣುತ್ತವೆ. ಸಾಲಿನ ಅಂತರ ಕರಾರುವಾಕ್ಕಾಗಿ ಇಷ್ಟೇ ಪಾಯಿಂಟ್ ಇರಬೇಕಂತೆ. ಹಾಗಿಟ್ಟರೆ ಒತ್ತಕ್ಷರದ ಬಾಲ ಕತ್ತರಿಸಿಹೋಗುತ್ತದೆ. ಒತ್ತಿಲ್ಲದ ಲಿಪಿಯವರು ಮಾಡಿದ ನಿಯಮ. ಲೇಖಕರ ಹೆಸರಿನಲ್ಲಿ ಕೊನೆಯ ಹೆಸರು ಮೊದಲು ಬರಬೇಕು. ನಮ್ಮಲ್ಲಿ ಕೊನೆಯ ಹೆಸರು ಎಂದರೆ ಯಾವುದು? ಕುವೆಂಪು ಅವರ ಹೆಸರನ್ನೇ ನೋಡಿ: ಕುಪ್ಪಳಿ ಊರು, ವೆಂಕಟಪ್ಪ ತಂದೆ, ಪುಟ್ಟಪ್ಪ ಎಂಬುದೊಂದೇ ಅವರದು. ನಮ್ಮ ಹುಡುಗಿಯ ಹೆಸರಿನ ಹಿಂದೆ ಇರುವುದು ‘ಆರ್’ ಎಂಬ ಒಂದೇ ಇನಿಷಿಯಲ್. ಜಾಲತಾಣದ ಫಾರಮ್ಮು ಇನಿಷಿಯಲ್ ಒಪ್ಪಲಿಲ್ಲ, ಪೂರ್ತಿ ಬರೆಯೆಂದಿತು. ಬರೆದಳು. ಇನ್ನು ಮುಂದೆ ಜಗತ್ತಿನ ಗ್ರಂಥಸೂಚಿಗಳಲ್ಲಿ ಅವಳು ‘ರಾವಂದೂರು’ ಎಂಬ ಮನೆತನದವಳು. ಊರಿಗೆ ಸಂದ ಮರ್ಯಾದೆಯೆಂದೇ ನಾನು ತಿಳಿದಿದ್ದೇನೆ.

ಇದೆಲ್ಲ ನಕ್ಕು ಮರೆಯಬಹುದಾದದ್ದು. ಮರೆಯಲಾಗದ್ದು ಒಂಬತ್ತನೆಯ ಪುಟದಲ್ಲಿತ್ತು. ಹುಡುಗಿಯ ಲೇಖನ ನಮ್ಮ ಕಡೆಯ ಸೋಬಾನೆ ಪದಗಳ ಮೇಲೆ. ಹೊಗೆಸೊಪ್ಪಿನ ಕೊಯ್ಲಿನಲ್ಲಿ, ಸೊಪ್ಪು ಹದಮಾಡುವ ಬ್ಯಾರನ್ ಮುಂದೆ ಕೂತು ಸೊಪ್ಪು ಕಡ್ಡಿಗೆ ಕಟ್ಟುವಾಗಲೂ ಹೆಂಗಸರು ಇವೇ ಪದಗಳನ್ನು ಹಾಡಿಕೊಳ್ಳುತ್ತಾರೆ. ಮದುವೆಯ ಪದ ದುಡಿಮೆಯ ಪದವಾದದ್ದು ಹೇಗೆ ಎಂಬುದು ಅವಳ ಪ್ರಶ್ನೆ. ಒಳ್ಳೆಯ ಪ್ರಶ್ನೆ. ಹಾಡುಗಳಲ್ಲಿ ಮುಕ್ಕಾಲು ಪಾಲು ಕೊಟ್ಟವರು ಅವಳ ತಾಯಿಯ ತಾಯಿ. ಜರ್ನಲಿನವರು ಬಯಸುವುದು ಎಪಿಎ ಕ್ರಮ, ಅಂದರೆ ಅಮೆರಿಕದ ಮನಶ್ಶಾಸ್ತ್ರ ಸಂಘದವರದು. ಅದು 1929ರಲ್ಲಿ ಏಳು ಪುಟದ ಲೇಖನವಾಗಿ ಹುಟ್ಟಿ, 2019ರ ಏಳನೆಯ ಆವೃತ್ತಿಯ ಹೊತ್ತಿಗೆ ನಾನೂರು ಪುಟ ದಾಟಿದೆ. ನಮ್ಮ ಎರಡು ಸಾಲು ಹನ್ನೊಂದು ಪುಟವಾದದ್ದರಲ್ಲಿ ಆಶ್ಚರ್ಯವಿಲ್ಲ. ಓದುಗ ಮತ್ತೆ ಹುಡುಕಿ ನೋಡಬಲ್ಲ ಆಕರಗಳಿಗೆ ಮಾತ್ರ ಅದರ ಪಟ್ಟಿಯಲ್ಲಿ ಜಾಗ. ಮುಖತಃ ಕೇಳಿದ್ದು ‘ವೈಯಕ್ತಿಕ ಸಂವಹನ’. ಲೇಖನದ ಒಳಗೆ ಕಂಸದಲ್ಲಿ ಹೆಸರು, ತಾರೀಖು ಹಾಕಿ ಮುಗಿಸಬೇಕು. ಕೊನೆಯ ಪಟ್ಟಿಗೆ ಅದು ಬರುವಂತಿಲ್ಲ.

‘ಸಾ, ಪಟ್ಟೀಲಿ ನಮ್ಮಜ್ಜಿ ಹೆಸ್ರೇ ಬರಂಗಿಲ್ವಂತೆ,’ ಎಂದಳು. ‘ಪುಸ್ತಕ ಬರ್ದಿದ್ರೆ ಬತ್ತಿತ್ತಂತೆ.’

ಹಳೆಯ ಜಾನಪದ ಸಂಕಲನಗಳನ್ನು ಕಂಡವರಿಗೆ ಈ ಮಾತಿನ ಭಾರ ಗೊತ್ತು. ಟೇಪ್‌ರೆಕಾರ್ಡರ್ ಹೊತ್ತು ಹುಣಸೂರು, ಹೆಗ್ಗಡದೇವನಕೋಟೆ, ಪಿರಿಯಾಪಟ್ಟಣದ ಹಳ್ಳಿ ಸುತ್ತಿದ ಆ ತಲೆಮಾರು ಅಡಿಟಿಪ್ಪಣಿಯಲ್ಲಿ ಎಷ್ಟೇ ಅವ್ಯವಸ್ಥೆ ಮಾಡಿರಲಿ, ಪುಸ್ತಕದ ಕೊನೆಗೆ ‘ವಕ್ತೃಗಳು’ ಎಂಬ ಪಟ್ಟಿ ಹಾಕುವುದನ್ನು ಮಾತ್ರ ತಪ್ಪಿಸುತ್ತಿರಲಿಲ್ಲ. ಹೆಸರು, ವಯಸ್ಸು, ಜಾತಿ, ಊರು, ಹಾಡಿದ ಪದ್ಯಗಳ ಸಂಖ್ಯೆ. ಜಾತಿ ನಮೂದಿಸಿದ್ದು ಸರಿಯೇ ಎಂದು ಇವತ್ತು ಕೇಳಬಹುದು, ಕೇಳಬೇಕು ಕೂಡ. ಆದರೆ ಹೆಬ್ಬೆಟ್ಟಿನವರ ಹೆಸರು ಗ್ರಂಥಋಣದ ಪಕ್ಕದಲ್ಲೇ ಅದೇ ಅಳತೆಯ ಅಕ್ಷರದಲ್ಲಿ ಅಚ್ಚಾಗುತ್ತಿತ್ತು. ಹಾಡಿದವರ ಮೊಮ್ಮಕ್ಕಳು ಇಂದು ಆ ಪುಸ್ತಕ ತೆರೆದರೆ ತಮ್ಮವರನ್ನು ಕಾಣಬಹುದು. ಅಚ್ಚುಕಟ್ಟಾದ ನಮೂನೆ ನಮಗೆ ಏನು ಕೊಟ್ಟಿತು ಎಂದರೆ ಪುಟಸಂಖ್ಯೆ ಕೊಟ್ಟಿತು, ಕಳ್ಳರನ್ನು ಹಿಡಿದುಕೊಟ್ಟಿತು, ಹಳ್ಳಿಯವನ ಲೇಖನವನ್ನು ಮೈಸೂರಿನವನ ಲೇಖನದ ಸಾಲಿನಲ್ಲೇ ನಿಲ್ಲಿಸಿತು. ಇವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಂಚಿನ ಕೆಂಪು ಶಾಯಿ ಹೋಯಿತು. ಇಂದಿನ ಲೇಖನ ಹಿಂದಕ್ಕೆ ಬಂದರೆ ಕಾರಣ ಫಾಂಟಿನ ಅಳತೆಯೋ ಕೀಲಿಪದದ ಸಂಖ್ಯೆಯೋ ಆಗಿರುತ್ತದೆ. ಎಡತೊರೆ ಹುಣಸೂರಾದದ್ದನ್ನು ಹಿಡಿದು ಹೇಳುವವರಿಲ್ಲ. ಅವಳ ಲೇಖನವೂ ಎರಡು ಸಲ ಹಿಂದಕ್ಕೆ ಬಂದಿದೆ, ಎರಡು ಸಲವೂ ಅಂಚಳತೆಗಾಗಿ. ಮದುವೆಯ ಪದ ದುಡಿಮೆಗೆ ಬಂದದ್ದು ಹೇಗೆಂದು ಯಾರೂ ಇನ್ನೂ ಕೇಳಿಲ್ಲ.

ಕನ್ನಡದ ವಿದ್ವತ್ಪತ್ರಿಕೆಗಳ ಸಂಪಾದಕರಲ್ಲಿ ಒಂದು ಬಿನ್ನಹ. ಕೇರ್ ಪಟ್ಟಿ ಹೋದ ಮೇಲೆ ನಿಮ್ಮ ಕೈ ಕಟ್ಟಿದವರು ಯಾರೂ ಇಲ್ಲ, ಲೇಖಕರಿಗೆ ಸೂಚನೆಯನ್ನು ನೀವೇ ಬರೆಯಬಹುದು. ಓರೆ ಅಕ್ಷರ ಬಿಡಿ. ಊರನ್ನು ಇನಿಷಿಯಲ್ ಆಗಿಯೇ ಇರಲು ಬಿಡಿ. ಶಾಸನಕ್ಕೆ ತಾಲ್ಲೂಕು, ಸಂಪುಟ, ಹಳೆಯದೋ ಪರಿಷ್ಕೃತವೋ ಎಂಬುದನ್ನು ಕೇಳಿ. ಲೇಖನದ ಕೊನೆಗೆ, ಗ್ರಂಥಋಣದ ಕೆಳಗೆ, ವಕ್ತೃಗಳಿಗೆಂದು ಅರ್ಧ ಪುಟ ಕೊಡಿ. ರಾವಂದೂರಿನ ಆ ಅಜ್ಜಿಗೆ ಎಂಬತ್ತನಾಲ್ಕು ವರ್ಷ.